ಯಾವ ನಕ್ಷತ್ರದ ನಿಟ್ಟುಸಿರು

ನಿವೃತ್ತಿಯ ದಿನ ಬೆಳಿಗ್ಗೆ, ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಖಾಲಿ ಮೇಜಿನ ಮುಂದೆ ಕುಳಿತಿದ್ದ ಕೆಂಪಕ್ಕನಿಗೆ, ತಾನು ಇಷ್ಟು ಕಾಲ ನೋಡಿದ್ದು ಯಾವ ನಕ್ಷತ್ರವನ್ನು ಎಂಬುದೇ ತಿಳಿಯದಾಯಿತು. ಆಕೆಯ ನಿಜವಾದ ಹೆಸರನ್ನು ಆ ವೀಕ್ಷಣಾಲಯದಲ್ಲಿ ಬಾಗಿಲ ಫಲಕವೊಂದೇ ನೆನಪಿಟ್ಟುಕೊಂಡಿತ್ತು. ಆಯುಷ್ಯವಿಡೀ ಕೆಂಪು ದೈತ್ಯ ನಕ್ಷತ್ರಗಳ ಬೆನ್ನು ಹತ್ತಿದವಳಾದ್ದರಿಂದ ಉಳಿದವರ ಬಾಯಲ್ಲೆಲ್ಲ ಆಕೆ ಕೆಂಪಕ್ಕ.

ಕೆಂಪು ದೈತ್ಯವೆಂದರೆ ಮುಪ್ಪಡರಿದ ನಕ್ಷತ್ರ. ಒಡಲು ಉಬ್ಬಿ, ಮೈ ತಣ್ಣಗಾಗಿ, ಬೆಳಕು ಆರುವ ಕೆಂಡದ ಬಣ್ಣಕ್ಕೆ ಇಳಿದಿರುತ್ತದೆ. ಉಸಿರಾಡುವಂತೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಆಕೆ ಆರಿಸಿಕೊಂಡ ದೈತ್ಯವೂ ತಿಂಗಳುಗಳ ಅಂತರದಲ್ಲಿ ಹೀಗೆ ಉಸಿರಾಡುತ್ತದೆಂಬುದು ಹಳೆಯ ಸಂಗತಿ. ಆ ಸಣ್ಣ ಉಸಿರುಗಳ ತಳದಲ್ಲಿ, ವರ್ಷಗಟ್ಟಲೆ ಎಳೆಯುವ ಮತ್ತೊಂದು ನೀಳವಾದ ಏರಿಳಿತವಿದೆಯೆಂದು ಕಂಡವಳು ಆಕೆ. ಅದನ್ನು ನಿಟ್ಟುಸಿರು ಎಂದು ಕರೆದವಳೂ ಆಕೆಯೇ. ವಿಜ್ಞಾನಲೋಕದಲ್ಲಿ ಆಕೆಯದೆನ್ನಬಹುದಾದದ್ದು ಅದೊಂದೇ. ಸಂಜೆಯ ಬೀಳ್ಕೊಡುಗೆಯ ಉಪನ್ಯಾಸವೂ ಅದರ ಮೇಲೆಯೇ.

ಆ ಬೆಳಿಗ್ಗೆ ಅದನ್ನು ಕೆಡಿಸಿದವಳು ಪಕ್ಕದ ಕೋಣೆಯ ಸಹೋದ್ಯೋಗಿ. ಆಕೆಗಿಂತ ತುಂಬ ಕಿರಿಯಳು.

"ಅಕ್ಕಾ, ಬೈಬೇಡಿ. ಹೇಳಲೋ ಬೇಡವೋ ಅಂತ ಬಾಗಿಲ ಹೊರಗೆ ನಿಂತು ನಿಂತು ಕಾಲು ನೋವು ಬಂತು."

"ಕಾಲು ನೋಯಿಸಿಕೊಂಡಾದ ಮೇಲೆ ಹೇಳದೇ ಹೋದ್ರೆ ನಷ್ಟ ಅಲ್ವಾ? ಹೇಳು."

"ನಿಮ್ಮ ಹೋಲಿಕೆ ನಕ್ಷತ್ರ ಸುಮ್ಮನಿಲ್ಲ."

ಆಕಾಶದಲ್ಲಿ ಯಾವ ಬೆಳಕನ್ನೂ ಒಂಟಿಯಾಗಿ ಅಳೆಯಲಾಗದು. ನಡುವೆ ಗಾಳಿಯಿದೆ, ಧೂಳಿದೆ, ಕನ್ನಡಿಯ ಮಬ್ಬಿದೆ. ಆದ್ದರಿಂದ ನೆರೆಯಲ್ಲೊಂದು ನೆಮ್ಮದಿಯ ನಕ್ಷತ್ರವನ್ನು ಹಿಡಿದು, ಅದಕ್ಕಿಂತ ಇದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ತೂಗುವುದು ಪದ್ಧತಿ. ಕೆಂಪಿಗೆ ಕೆಂಪೇ ಜೋಡಿಯಾಗಲಿ, ಗಾಳಿಯ ಕಣ್ಕಟ್ಟು ಎರಡಕ್ಕೂ ಸಮನಾಗುತ್ತದೆ ಎಂದು ಆಕೆಯ ಗುರುಗಳು ನೆರೆಯ ಇನ್ನೊಂದು ಕೆಂಪು ನಕ್ಷತ್ರವನ್ನು ತೋರಿಸಿದ್ದರು. ಕೆಂಪು ನಕ್ಷತ್ರಗಳು ಚಂಚಲವೆಂದು ಪ್ರಬಂಧದ ಮೇಲೆ ಪ್ರಬಂಧ ಬರೆದವಳು, ಅದೊಂದನ್ನು ಮಾತ್ರ ಸಾಧುವೆಂದು ನಂಬಿಬಿಟ್ಟಿದ್ದಳು. ಗುರುಗಳು ಈಗಿಲ್ಲ, ಇದ್ದಿದ್ದರೆ ಅವರೂ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಮೂರನೆಯ ನಕ್ಷತ್ರವೊಂದನ್ನ ಇಟ್ಟು ತೂಗಿದೆ. ದೈತ್ಯದ ಸಣ್ಣ ಉಸಿರು ಹಾಗೇ ಇದೆ. ನಿಟ್ಟುಸಿರು ಮಾತ್ರ ಪಕ್ಕದ್ದರದು ಅನ್ನೋ ಹಾಗೆ ಕಾಣುತ್ತೆ," ಎಂದಳು ಸಹೋದ್ಯೋಗಿ.

"ಕಾಣುತ್ತೆ ಅಂದ್ರೆ?"

"ಮೂರನೆಯದನ್ನ ನೋಡ್ತಾ ಇರೋದು ಈಚೆಗೆ. ಅದಾದರೂ ಸುಮ್ಮನಿದೆ ಅಂತ ಆಣೆ ಇಡೋಕೆ ನನ್ನ ಕೈಲಾಗಲ್ಲ."

ಅವಳು ಹೋದ ಮೇಲೆ ಕೆಂಪಕ್ಕ ಪೆಟ್ಟಿಗೆಯೊಂದನ್ನು ಬಿಚ್ಚಿದಳು, ಏಕೆ ಬಿಚ್ಚಿದೆನೆಂದು ಮರೆತು ಮತ್ತೆ ಮುಚ್ಚಿದಳು. ಸುಳ್ಳೆಂದು ಗೊತ್ತಾಗಿದ್ದರೆ ಅಳಬಹುದಿತ್ತು, ನಿಜವೆಂದಾಗಿದ್ದರೆ ನಗಬಹುದಿತ್ತು. ಎರಡೂ ಅಲ್ಲದ್ದಕ್ಕೆ ಮುಖದಲ್ಲಿ ಯಾವ ಏರ್ಪಾಡೂ ಇರಲಿಲ್ಲ.

ಮಧ್ಯಾಹ್ನ ಗಂಡ ಬಂದ. ರೈಲಿನ ಗಾರ್ಡ್ ಆಗಿ ದುಡಿದು ನಿವೃತ್ತನಾದವನು. ಇಸ್ತ್ರಿಯ ಅಂಗಿ ಹಾಕಿಕೊಂಡು, ಪೆಟ್ಟಿಗೆಯ ಮೇಲೆ ಕೂತರೆ ಸುಕ್ಕಾದೀತೆಂದು ನಿಂತೇ ಎಲ್ಲವನ್ನೂ ಕೇಳಿದ.

"ಇದೇನು ಹೊಸದಲ್ಲ," ಎಂದ. "ಸ್ಟೇಷನ್ನಲ್ಲಿ ಪಕ್ಕದ ಗಾಡಿ ಹೊರಟರೆ ನಮ್ಮದೇ ಹೊರಟಿತು ಅನ್ಸುತ್ತೆ. ಕಂಬ ನೋಡ್ಬೇಕು."

"ಕಂಬವೂ ಅಲ್ಲಾಡೋ ಹಾಗಿದ್ರೆ, ರೀ?"

ಅವನು ಅಂಗಿಯ ಮಡಿಕೆ ಸರಿಮಾಡಿಕೊಂಡ. "ಹಾಗಾದ್ರೆ ಇಳಿದು ಟೀ ಕುಡಿಯೋದು."

ಆಕೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಹೊರಗಿನ ಪಡಸಾಲೆಯಲ್ಲಿ ವೀಕ್ಷಣಾಲಯದ ನಿರ್ದೇಶಕರ ದನಿ ತಾರಕಕ್ಕೇರಿತ್ತು.

ಉಪನ್ಯಾಸ ಮಂದಿರದ ಹೊರಗೋಡೆಯ ಮೇಲೆ, ಆಕೆಗೆ ತಿಳಿಯದಂತೆ, ಬೀಳ್ಕೊಡುಗೆಯ ಕಾಣಿಕೆ ಸಿದ್ಧವಾಗುತ್ತಿತ್ತು. ಸಣ್ಣ ಉಸಿರುಗಳನ್ನು ಬಿಟ್ಟು ನಿಟ್ಟುಸಿರಿನ ಗೆರೆಯೊಂದನ್ನೇ ಮಾರುದ್ದ ಎಳೆಯಲಾಗಿತ್ತು. ಕೆಳಗೆ ದೈತ್ಯದ ಹೆಸರು, ಬಣ್ಣ ಇನ್ನೂ ಹಸಿ. ಏಣಿಯ ಮೇಲೆ ಬೋರ್ಡು ಬರೆಯುವವನು ಕುಂಚ ಹಿಡಿದು ಮುಖ ದಪ್ಪ ಮಾಡಿಕೊಂಡಿದ್ದ.

"ಕೆಂಪಕ್ಕ, ಈಗ ಬರಬೇಡಿ, ನೋಡಬೇಡಿ," ಎಂದರು ನಿರ್ದೇಶಕರು. ಅಷ್ಟರಲ್ಲಿ ಆಕೆ ಬಂದೂ ಆಗಿತ್ತು, ನೋಡಿಯೂ ಆಗಿತ್ತು. "ಈ ಮಹಾರಾಯ ಇಡೀ ಗೆರೆಯನ್ನ ತಲೆಕೆಳಗು ಮಾಡಿ ಕೂತಿದ್ದಾನೆ."

"ತಲೆಕೆಳಗಿದ್ದದ್ದು ನೀವು ಕೊಟ್ಟ ಚಿತ್ರ, ಸಾರ್," ಎಂದ ಅವನು. "ಸಂಖ್ಯೆ ಮೇಲಿಂದ ಕೆಳಕ್ಕೆ ದೊಡ್ಡದಾಗ್ತಾ ಇತ್ತು. ಯಾರೋ ಕೈತಪ್ಪಿ ಮಾಡಿರಬೇಕು ಅಂತ ನಾನೇ ಸರಿ ಮಾಡ್ದೆ. ಉಪಕಾರಕ್ಕೆ ಇದಾ ಮಾತು?"

ತಪ್ಪು ಅವನದಲ್ಲ. ಹೊಳಪು ಹೆಚ್ಚಿದಷ್ಟೂ ಅಂಕಿ ಚಿಕ್ಕದಾಗುವುದು ಖಗೋಳದವರ ಪುರಾತನ ವಕ್ರಬುದ್ಧಿ. ಅದಕ್ಕಾಗಿ ಅವರು ಚಿಕ್ಕ ಅಂಕಿಯನ್ನು ಮೇಲಿಟ್ಟು ಗೆರೆ ಎಳೆಯುತ್ತಾರೆ. ಅದನ್ನು ನೆಟ್ಟಗೆ ಮಾಡಿದವನ ಗೋಡೆಯಲ್ಲಿ ಏರುವಲ್ಲಿ ಇಳಿತ, ಇಳಿಯುವಲ್ಲಿ ಏರು.

ಕೆಂಪಕ್ಕ ನೋಡುತ್ತ ನಿಂತಳು. ನೆರೆಯ ಹೋಲಿಕೆ ನಕ್ಷತ್ರ ಮಂಕಾದಾಗ ತನ್ನದು ಬೆಳಗಿದಂತೆ ತೋರಬೇಕು. ನೆರೆಯದು ಬೆಳಗಿದಾಗ ತನ್ನದು ಮಂಕಾದಂತೆ. ನಿಟ್ಟುಸಿರು ನೆರೆಯದೇ ಆಗಿದ್ದರೆ, ಅದರ ನಿಜವಾದ ಗೆರೆ ಹೀಗೆಯೇ ಇರುತ್ತದೆ, ತಲೆಕೆಳಗಾಗಿ. ಎಷ್ಟೋ ವರ್ಷ ತಾನು ಬರೆಯದೇ ಹೋದದ್ದು ಗೋಡೆಯ ಮೇಲೆ ಸುಮ್ಮನೆ ಬಂದು ನಿಂತಿತ್ತು. ಅಥವಾ ಬಂದಿರಲಿಲ್ಲ, ಅದೊಂದು ಗೋಡೆಯ ಮೇಲಿನ ತಪ್ಪು, ಅಷ್ಟೇ. ಕಣ್ಣು ಕಿರಿದು ಮಾಡಿದಾಗ ಒಂದು ನಿಜವೆನಿಸುತ್ತಿತ್ತು, ರೆಪ್ಪೆ ಬಡಿದಾಗ ಇನ್ನೊಂದು.

"ಸಂಜೆಯೊಳಗೆ ಅಳಿಸಿ ಬರೀಬೇಕು," ಎಂದರು ನಿರ್ದೇಶಕರು.

"ಗೆರೆ ಹಾಗೇ ಇರಲಿ," ಎಂದಳು ಕೆಂಪಕ್ಕ. "ಹೆಸರು ಅಳಿಸಲಿ."

"ಹೆಸರಿಲ್ಲದೆ ಅದು ಯಾರ ಗೆರೆ?"

"ಪಕ್ಕದ್ದರದು ಇರಬಹುದು. ನನ್ನ ದೈತ್ಯದ್ದೇ ಇದ್ದರೂ ಇರಬಹುದು. ಒಳಗೆ ಹೋಗಿ ಅದನ್ನೇ ಹೇಳೋಳಿದ್ದೀನಿ."

"ಕೆಂಪಕ್ಕ, ಇದು ನಿಮ್ಮ ಜೀವಮಾನದ ಕೆಲಸ. ಗೋಡೆ ಮೇಲೆ 'ಇರಬಹುದು' ಅಂತ ಬರೆಯೋಕಾಗುತ್ತಾ?"

"ಯಾಕಾಗಲ್ಲ ಸಾರ್," ಎಂದ ಏಣಿಯ ಮೇಲಿನವನು. "ಐದಕ್ಷರ. ಜಾಗ ಇದೆ."

ಅವನು ಸೀಮೆಎಣ್ಣೆಯ ಬಟ್ಟೆಯಿಂದ ದೈತ್ಯದ ಹೆಸರನ್ನು ಒರೆಸತೊಡಗಿದ. ಅದು ಪೂರ್ತಿ ಹೋಗಲಿಲ್ಲ. ಓದಲೂ ಬಾರದಂತೆ, ಇಲ್ಲವೆನ್ನಲೂ ಬಾರದಂತೆ ಕೆಂಪಗೆ ಹರಡಿಕೊಂಡಿತು.

ಸಂಜೆ, ಉಪನ್ಯಾಸದ ಹೊತ್ತಿಗೆ, ಗಂಡ ಮೆಲ್ಲಗೆ ಪಕ್ಕಕ್ಕೆ ಬಂದ. "ಹಾಗಾದ್ರೆ ಇಷ್ಟು ವರ್ಷ ಏನು ಮಾಡ್ದೆ ನೀನು?"

"ನೋಡಿದೆ."

"ಏನನ್ನ?"

ಆಕೆ ಮಂದಿರದ ಬಾಗಿಲ ಕಡೆ ತಿರುಗಿದಳು. ಉಪನ್ಯಾಸಕ್ಕೆ ಬಂದವರು ಗೆರೆಯನ್ನು ನೋಡಿ, ತಲೆ ಒಂದು ಬದಿಗೆ ವಾಲಿಸಿ, ಮತ್ತೆ ಇನ್ನೊಂದು ಬದಿಗೆ ವಾಲಿಸಿ, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಸಹೋದ್ಯೋಗಿ ಬಾಗಿಲಲ್ಲಿ ಆಕೆಗಾಗಿ ಕಾಯುತ್ತಿದ್ದಳು.

"ಬಾ," ಎಂದಳು ಗಂಡನಿಗೆ, ಮೊದಲ ಬಾರಿಗೆ ರೀ ಎನ್ನುವುದನ್ನು ಮರೆತು. "ನನಗೂ ಗೊತ್ತಿಲ್ಲ. ಒಳಗೆ ಯಾರಾದರೂ ಅದನ್ನೇ ಕೇಳ್ತಾರೆ."