ಹಗ್ಗದಾಚೆಯ ಕಾಫಿ

ಸೊಸೆ ಬೆಟ್ಟದ ಸೈಕಲ್ ರೇಸಿಗೆ ಹೊರಟರೆ ಹುಬ್ಬು ಗಂಟಿಕ್ಕುವ ಮಾವಂದಿರೇ ಹೆಚ್ಚು. ಈ ಮಾವ ಮಾತ್ರ ಮೀಸೆ ತಿರುವಿಕೊಂಡು ಬೀದಿಗೆಲ್ಲ ಡಂಗುರ ಸಾರಿದ್ದರು. ಹಾಲಿನ ಅಂಗಡಿಯವನಿಗೆ, ಎದುರುಮನೆಯ ವಕೀಲರಿಗೆ, ಕೊನೆಗೆ ದಾರಿ ಕೇಳಲು ನಿಂತ ಅಪರಿಚಿತನಿಗೂ ಹೇಳಿಯಾಗಿತ್ತು. ಷೋಕೇಸಿನಲ್ಲಿದ್ದ ಮಗನ ಶಾಲೆಯ ಕಪ್ಪುಗಳನ್ನು ಹಿಂದಕ್ಕೆ ತಳ್ಳಿ ಪದಕಕ್ಕೆ ಜಾಗವನ್ನೂ ಮಾಡಿಟ್ಟಿದ್ದರು.

ಮಾವ ನಿವೃತ್ತ ಬಸ್ ಚಾಲಕರು. ಜೀವಮಾನವೆಲ್ಲ ಘಾಟಿ ರಸ್ತೆಯಲ್ಲೇ ಸವೆಸಿದವರು. ಅವರ ಲೆಕ್ಕದಲ್ಲಿ ಗಾಡಿ ಓಡಿಸುವವರು ಬೇರೆ, ಡ್ರೈವರ್ ಬೇರೆ. ಮಗ ಕಾರು ಕೊಂಡು ಇಷ್ಟು ವರ್ಷವಾದರೂ ಅವರ ಪಾಲಿಗೆ ಇನ್ನೂ ‘ಗಾಡಿ ಓಡಿಸೋನು’. ಡ್ರೈವರ್ ಎಂಬ ಮಾತನ್ನು ಅವರು ಮನಸಾರೆ ಆಡಿದ್ದು ತಮಗೆ ಕೆಲಸ ಕಲಿಸಿದ ಗುರುವಿನ ಬಗ್ಗೆ ಮಾತ್ರ. ತಮ್ಮನ್ನೇ ಹಾಗೆ ಕರೆದುಕೊಳ್ಳಲೂ ಕೊಂಚ ಹಿಂದೆಮುಂದೆ ನೋಡುತ್ತಿದ್ದರು. ಊಟಕ್ಕೆ ಕೂತಾಗಲೆಲ್ಲ ಒಂದೇ ಪಾಠ: “ಬ್ರೇಕ್ ಮೇಲೆ ಅನುಮಾನ ಬಂತಾ, ಗಾಡಿ ನಿಲ್ಸು. ಜನ ಬೈಲಿ, ಮೇಲಧಿಕಾರಿ ಬೈಲಿ, ನಿಲ್ಸು!” ಮಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಸೊಸೆ ಕೇಳುತ್ತಿದ್ದಳು.

ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಾಸಿವೆಕಾಳಿನಷ್ಟು ಸ್ಕ್ರೂಗಳನ್ನು ಫ್ರೇಮಿಗೆ ಕೂರಿಸುವುದು. ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಸೈಕಲ್ ಹತ್ತಿದಳೆಂದರೆ ಬೆಟ್ಟದ ದಾರಿ. ಕಳೆದ ಸಲ ಚೈನ್ ತುಂಡಾಗಿ ರೇಸ್ ಕೈತಪ್ಪಿತ್ತು. ಆಮೇಲೆ ವರ್ಷವಿಡೀ ಮಳೆ ಚಳಿ ಎನ್ನದೆ ತುಳಿದಳು. ಬಿದ್ದು ಮೊಣಕೈ ತರಚಿಕೊಂಡು ಬಂದ ದಿನವೂ ಒಂದು ‘ಅಯ್ಯೋ’ ಅಂದದ್ದನ್ನು ಮಾವ ಕೇಳಿರಲಿಲ್ಲ. ಈ ಹುಡುಗಿಯನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಹೆಮ್ಮೆ.

ಈ ರೇಸಿನದು ಒಂದು ವಿಚಿತ್ರ ಕಟ್ಟಳೆ. ಎರಡು ದಿನದ ದಾರಿಯುದ್ದಕ್ಕೂ ಸವಾರರು ತಮ್ಮ ಅನ್ನ ನೀರು ತಾವೇ ಹೊತ್ತುಕೊಳ್ಳಬೇಕು. ಮನೆಯವರು ಹಗ್ಗದಾಚೆ ನಿಂತು ಗಂಟಲು ಹರಿಯುವಷ್ಟು ಕೂಗಬಹುದು, ಆದರೆ ಅವರ ಕೈಯಿಂದ ಒಂದು ಗುಟುಕು ಕುಡಿದರೂ ರೇಸ್ ಮುಗಿಯಿತು. ಹಿಂದೆ ಸರಿಯುವವರು ಸರಿಯುತ್ತಿದ್ದುದೂ ಹಾಗೆಯೇ. ಅರ್ಜಿಯಿಲ್ಲ, ಸಹಿಯಿಲ್ಲ, ಹಗ್ಗದ ಹತ್ತಿರ ಬಂದು ಮನೆಯವರು ಕೊಟ್ಟದ್ದನ್ನು ಕುಡಿದರಾಯಿತು.

ಎರಡನೇ ದಿನ ಮಧ್ಯಾಹ್ನ, ಕೊನೆಯ ಚೆಕ್‌ಪೋಸ್ಟಿನಲ್ಲಿ ಮಾವ ಫ್ಲಾಸ್ಕ್ ಅಪ್ಪಿಕೊಂಡು ನಿಂತಿದ್ದರು. ಅದು ಗೆದ್ದ ಮೇಲೆ ಕುಡಿಯುವ ಕಾಫಿ. ಇನ್ನುಳಿದದ್ದು ಒಂದೇ ಒಂದು ಇಳಿಜಾರು. ಸೊಸೆ ಮೂರನೆಯವಳಾಗಿ ಬಂದಾಗ ಮಾವ ಕೂಗಿದ ಕೂಗಿಗೆ ಪಕ್ಕದವರು ಕಿವಿ ಮುಚ್ಚಿಕೊಂಡರು. ಅವಳು ಮುಂದೆ ಹೋಗಲಿಲ್ಲ. ಸೈಕಲ್ ಇಳಿದು, ತಳ್ಳಿಕೊಂಡು ಹಗ್ಗದ ಹತ್ತಿರ ಬಂದಳು.

“ಮಾವ, ಕಾಫಿ ಕೊಡಿ.”

ಫ್ಲಾಸ್ಕ್ ತಾನಾಗಿ ಮಾವನ ಬೆನ್ನ ಹಿಂದೆ ಹೋಯಿತು.

“ಕಾಫಿ ಗೀಫಿ ಏನೂ ಇಲ್ಲ! ಹೋಗಮ್ಮ, ಹೋಗು. ಹಿಂದಿನವಳು ಬಂದೇಬಿಡ್ತಾಳೆ!”

“ಬ್ರೇಕ್ ಹಿಡೀತಿಲ್ಲ ಮಾವ.”

ಅಷ್ಟೇ ತಾನೇ! ಮಾವ ಹಗ್ಗದ ಮೇಲೆ ಬಾಗಿ ಮುಂದಿನ ಗಾಲಿಯ ಮೇಲೊಮ್ಮೆ, ಹಿಂದಿನ ಗಾಲಿಯ ಮೇಲೊಮ್ಮೆ ಕಣ್ಣಾಡಿಸಿದರು. ಸೈಕಲನ್ನೂ ಮನೆಯವರು ಮುಟ್ಟುವಂತಿಲ್ಲವಲ್ಲ, ಕೈ ಕಟ್ಟಿಹಾಕಿದಂತಾಗಿತ್ತು. “ಪ್ಯಾಡ್ ಹೊಸದು, ನಾನೇ ನಿಂತು ಹಾಕ್ಸಿದ್ದು. ಎಲ್ಲಾ ಸರಿಯಾಗೇ ಇದೆಯಲ್ಲ!”

“ಅದೆಲ್ಲ ಸರಿ ಇದೆ. ಬೆರಳು ಹಿಡೀತಿಲ್ಲ.”

ಅವಳು ಹಲ್ಲಿನಿಂದ ಕೈಗವಸು ಕಿತ್ತಳು. ಬಲಗೈ ಬೆರಳುಗಳು ಅರ್ಧ ಮಡಚಿಕೊಂಡು ನಿಂತಿದ್ದವು. ಮುಷ್ಟಿ ಕಟ್ಟಲು ನೋಡಿದಳು. ನಡುಗಿದವೇ ಹೊರತು ಮಡಚಿಕೊಳ್ಳಲಿಲ್ಲ.

“ಒತ್ತಿ ಒತ್ತಿ ಜೋಮು ಹಿಡಿದಿದೆ. ಅಲ್ಲಿ ಕಲ್ಲಿನ ಹತ್ರ ಬ್ರೇಕ್ ಒತ್ತಿದೆ ಅಂದ್ಕೊಂಡೆ, ನೋಡಿದ್ರೆ ಒತ್ತೇ ಇರ್ಲಿಲ್ಲ. ಹೇಗೋ ಎಡಗೈ ಉಳಿಸ್ತು.”

“ಸ್ವಲ್ಪ ಉಜ್ಜಿಕೊಂಡು ನೋಡು, ಸರಿಹೋಗುತ್ತೆ.”

“ಉಜ್ಜಿದೆ, ಬಿಸಿಲಿಗೆ ಹಿಡಿದೆ. ಆಗ್ಲಿಲ್ಲ. ಕೆಳಗೆ ಇಬ್ರು ಹೋಗ್ತಿದ್ದಾರೆ ಮಾವ. ದಾರಿ ಒಂದು ಸೈಕಲ್ ಅಗಲ, ಅಷ್ಟೇ.”

“ಬೀದಿಗೆಲ್ಲ ಹೇಳ್ಬಿಟ್ಟಿದ್ದೀನಲ್ಲಮ್ಮ…” ಅಂದುಬಿಟ್ಟರು ಮಾವ. ಅಂದ ಮರುಕ್ಷಣವೇ ನಾಲಗೆ ಕಚ್ಚಿಕೊಂಡರು.

ಸೊಸೆ ನಕ್ಕಳು. “ಜನ ಬೈಲಿ, ಮೇಲಧಿಕಾರಿ ಬೈಲಿ. ನೀವೇ ತಾನೇ ಹೇಳಿದ್ದು?”

ಅಷ್ಟರಲ್ಲಿ ಹಿಂದಿನವಳು ಧೂಳೆಬ್ಬಿಸುತ್ತ ಬಂದು, ಚೆಕ್‌ಪೋಸ್ಟಿನ ಹಲಗೆಯ ಮೇಲೆ ತನ್ನ ನಂಬರು ಬರೆಸಿಕೊಂಡು ಇಳಿಜಾರಿನತ್ತ ಹೊರಟಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಸೊಸೆ ನೋಡುತ್ತಲೇ ಇದ್ದಳು. ನಗು ಮಾಯವಾಗಿತ್ತು, ದವಡೆ ಬಿಗಿದಿತ್ತು. ಕಾಲಿನಲ್ಲಿ ಇನ್ನೂ ಕಸುವಿತ್ತು. ಒಂದು ಕಾಲನ್ನು ಪೆಡಲಿನ ಮೇಲಿಟ್ಟು, ನಿಂತಲ್ಲೇ ಅದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಳು. ಮಾವ ಆ ಕಾಲನ್ನು ನೋಡಿದರು. ಒಮ್ಮೆ ಇದೇ ರೀತಿ ಘಾಟಿಯ ನೆತ್ತಿಯಲ್ಲಿ ತುಂಬಿದ ಬಸ್ಸು ನಿಲ್ಲಿಸಿ, ಜನರ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದ್ದು ನೆನಪಾಯಿತು. ಆಗ ಅವರಿಗೆ ಇವಳ ಎರಡರಷ್ಟು ವಯಸ್ಸಾಗಿತ್ತು, ಇಷ್ಟು ಧೈರ್ಯವಿರಲಿಲ್ಲ.

ಫ್ಲಾಸ್ಕ್ ಮುಂದಕ್ಕೆ ಬಂತು. ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟರು. ಅವಳು ರೂಢಿಯಂತೆ ಬಲಗೈ ಚಾಚಿದಳು. ಮುಚ್ಚಳ ವಾಲಿ ಅರ್ಧ ಕಾಫಿ ತೋಳಿಗೆ ಚೆಲ್ಲಿತು. ಮಾವ ಮತ್ತೆ ತುಂಬಿಸಿ, ಈ ಸಲ ತಾವೇ ಅವಳ ತುಟಿಗೆ ಹಿಡಿದರು. ಅವಳು ಕಣ್ಣುಮುಚ್ಚಿ ಕುಡಿದಳು. ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ಚೆಕ್‌ಪೋಸ್ಟಿನ ಮೇಲ್ವಿಚಾರಕಿ ಹಲಗೆಯ ಮೇಲಿನ ಅವಳ ನಂಬರನ್ನು ಬಟ್ಟೆಯಿಂದ ಒರೆಸಿದಳು.

ಮಾವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಗ.

“ಏನಪ್ಪಾ, ಎಷ್ಟನೆಯವಳು?”

“ನಿಲ್ಸಿಬಿಟ್ಳು ಕಣೋ.”

“ಅಯ್ಯೋ, ಏನಾಯ್ತು?”

“ಏನೂ ಆಗ್ಲಿಲ್ಲ. ಏನೂ ಆಗ್ಬಾರ್ದು ಅಂತಾನೇ ನಿಲ್ಸಿದ್ದು.” ಬೀದಿಗೆಲ್ಲ ಕೇಳುವಂತೆ ಮಾತಾಡುವ ಅವರ ದನಿ ಮತ್ತೆ ಬಂದಿತ್ತು. “ನಿನ್ನ ಹೆಂಡ್ತಿ ಡ್ರೈವರ್ ಕಣೋ.”

ಹಗ್ಗ ದಾಟಿ ಬಂದು ಕೂತು ಕೈ ಉಜ್ಜಿಕೊಳ್ಳುತ್ತಿದ್ದ ಸೊಸೆ ತಲೆಯೆತ್ತಿದಳು. ರೇಸ್ ಬಿಟ್ಟಾಗ ಬಾರದ ಅಳು ಅವಳಿಗೆ ಆಗ ಬಂತು.