ಕಿವಿಯಾರೆ ಕೇಳಿದ ವಾಕ್ಯ

"ಎರಡು ಪ್ಯಾಕೆಟ್ ಕೊಡಿ," ಎಂದಳು ಅವಳು.

ಹಾಲಿನವನು ಒಂದನ್ನೇ ಕೈಗಿಟ್ಟಿದ್ದ. "ಪಾಪ, ಮರ್ತಿರ್ತೀರಿ. ಇನ್ಮೇಲೆ ಒಂದು ಸಾಕಾಗುತ್ತೆ ಅಲ್ವಾ ಅಕ್ಕ?"

"ಮರೆತಿಲ್ಲ. ಅತ್ತೆ ಇದಾರೆ. ಎರಡು ಕೊಡಿ."

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಅಳು ಇನ್ನೂ ಬಂದಿರಲಿಲ್ಲ; ಬರುತ್ತಿದ್ದದ್ದು ಬರೀ ಕಿರಿಕಿರಿ. ಮೆಟ್ಟಿಲು ಗುಡಿಸುವಾಕೆ ಪೊರಕೆ ನಿಲ್ಲಿಸಿ "ಪಾಪ" ಎಂದಳು. ಎದುರುಮನೆಯಾಕೆ ಬಾಗಿಲು ತೆರೆದು, "ಈ ವಯಸ್ಸಿಗೇ, ಪಾಪ," ಎಂದು ಸದ್ದಾಗದಂತೆ ಮುಚ್ಚಿಕೊಂಡರು. ಇಷ್ಟು ದಿನ ಅದೇ ಬಾಗಿಲನ್ನು ಧಡಾರನೆ ಬಡಿಯುತ್ತಿದ್ದವರು.

ಒಳಗೆ ಬಂದರೆ ಆ ಗೋಡೆ. ಪುಸ್ತಕದ ಹಲಗೆ ಹೊಡೆಯುತ್ತೇನೆಂದು ಅವನು ಭಾನುವಾರವೆಲ್ಲ ಕೊರೆದ ಗುಂಡಿಗಳು ಅಂಕುಡೊಂಕಾಗಿ ಬಾಯಿಬಿಟ್ಟಿದ್ದವು. ಹಲಗೆ ನೆಲದ ಮೇಲಿತ್ತು. ಅದರ ಮೇಲೆ ಕೆಳಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಎರವಲು ತಂದಿದ್ದ ಡ್ರಿಲ್ಲಿಂಗ್ ಮಿಷನ್, ಅದರ ಮೂಗಿನ ತುದಿಗೆ ಇನ್ನೂ ಬಿಳಿ ಪುಡಿ.

ಫೋನು ಬಡಿದುಕೊಂಡಿತು. ಅವನು ಕೆಲಸ ಮಾಡುತ್ತಿದ್ದ ನಿಘಂಟು ಕಚೇರಿಯ ಸಂಪಾದಕರು.

"ಈ ಹೊತ್ತಲ್ಲಿ ಕೇಳ್ಬಾರ್ದು ಕಣಮ್ಮ. ಆ ‘ಪಾಪ’ದ ಪುಟ ಅಚ್ಚಿಗೆ ಹೋಗ್ಬೇಕು. ಎಲ್ಲಾ ಮುಗಿಸಿದಾನೆ, ಕನಿಕರದ ಅರ್ಥಕ್ಕೆ ಮಾತ್ರ ಉದಾಹರಣೆ ಇಲ್ಲ."

ಆ ಪುಟ ಅವಳಿಗೆ ಗೊತ್ತಿತ್ತು. ಊಟದ ಹೊತ್ತಿಗೆಲ್ಲ ಅದೇ ಮಾತು. ಸಂಸ್ಕೃತದಿಂದ ಬಂದ ಪಾಪ ಪಾತಕ. ತೊದಲುಬಾಯಿಂದ ಬಂದದ್ದು ಮಗು. ಎಷ್ಟೋ ಭಾಷೆಗಳಲ್ಲಿ ಅದೇ ಸದ್ದು ಅಪ್ಪ. ಕಡಲಾಚೆಯ ಬೆಟ್ಟದ ಜನರ ನುಡಿಯಲ್ಲಿ ಆಲೂಗಡ್ಡೆ. "ಹೆಸರೊಂದೇ ಕಣೇ, ನೆಂಟಸ್ತನವೇ ಇಲ್ಲ!" ಎಂದು ತಟ್ಟೆಯ ಆಲೂಗಡ್ಡೆಯನ್ನು ಎತ್ತಿ ಹಿಡಿಯುತ್ತಿದ್ದ. "ತಣ್ಣಗಾಗ್ತಿದೆ, ಮೊದ್ಲು ತಿನ್ನು," ಎನ್ನುತ್ತಿದ್ದಳು ಅವಳು.

ಉದಾಹರಣೆಯನ್ನು ಅವನು ಎಂದೂ ತಾನೇ ಕಟ್ಟುತ್ತಿರಲಿಲ್ಲ. ಯಾರೋ ಆಡಿದ್ದನ್ನು ಕಿವಿಯಾರೆ ಕೇಳಿರಬೇಕು. ಜಗಳ ತಾರಕಕ್ಕೇರಿದಾಗಲೂ ಥಟ್ಟನೆ ಕೈಯೆತ್ತಿ, "ಇರು, ಇನ್ನೊಂದ್ಸಲ ಹೇಳು," ಎಂದು ಪೆನ್ನಿಗಾಗಿ ಜೇಬು ತಡಕುತ್ತಿದ್ದ. ‘ತಲೆ ತಿನ್ನು’ ಎಂಬಲ್ಲಿ ಅಚ್ಚಾಗಿರುವ ವಾಕ್ಯ ಅವಳದೇ.

"ನಾನೇ ಒಂದು ಕಟ್ಟಿಬಿಡ್ತೀನಿ," ಎಂದರು ಸಂಪಾದಕರು. "‘ಪಾಪ, ಮುದುಕಿ ಬಿದ್ದಳು’ ಅಂತ."

"ಯಾವ ಮುದುಕಿ?"

"ಯಾವುದೋ ಮುದುಕಿ ಕಣಮ್ಮ!"

"ಬಿದ್ದೇ ಇಲ್ದಿರೋ ಮುದುಕೀನ ಅವರು ಹಾಕ್ತಿರ್ಲಿಲ್ಲ ಸರ್. ಸಂಜೆವರೆಗೆ ತಡೀರಿ. ಕೇಳಿದ್ದನ್ನೇ ಕೊಡ್ತೀನಿ."

"ಸಂಜೆವರೆಗೆ ಅಷ್ಟೇ. ಆಮೇಲೆ ಮುದುಕೀನೇ." ಅವರೂ ಸೇರಿಸಿದರು, "ನಿನಗ್ಯಾಕಮ್ಮ ಈಗ ಈ ತಾಪತ್ರಯ, ಪಾಪ."

ಅವಳು ಫೋನನ್ನು ಕುಕ್ಕಿದಳು.

"ಬೆಳಿಗ್ಗೆಯಿಂದ ಅಷ್ಟು ಜನ ‘ಪಾಪ’ ಅಂದ್ರಲ್ಲ. ಯಾವುದಾದ್ರೂ ಒಂದು ಬರ್ಕೊಡು," ಎಂದರು ಅತ್ತೆ, ಮಗನ ಅಂಗಿ ಮಡಚುತ್ತ.

"ಎಲ್ಲಾ ನನ್ನ ಮೇಲೇ ಅಂದಿದ್ದು ಅತ್ತೆ. ನಿಘಂಟು ಬಿಚ್ಚಿದೋರಿಗೆಲ್ಲ ನಾನು ಹಲ್ಲುಕಿರಿದು ನಿಂತಿರಬೇಕಾ? ಅವರ ಕೊನೇ ಪುಟದಲ್ಲಿ?"

ಕೆಳಗಿನಿಂದ ಟಕ್ ಟಕ್ ಸದ್ದು ಬಂತು.

"ಕೇಳಿಸ್ತಾ?" ಎಂದರು ಅತ್ತೆ. "ಉಳಿ, ಸುತ್ತಿಗೆ ಹಿಡ್ಕೊಂಡು ಗೋಡೆ ಒಡೀತಿದಾರೆ. ಅವರ ಮಿಷನ್ ನಮ್ಮನೇಲಿದೆ. ಕೇಳೋಕೆ ಸಂಕೋಚ."

"ಏನು ಸಂಕೋಚ? ಗಂಡ ಸತ್ರೆ ಮಿಷನ್ ನಂದಾಗ್ಬಿಡುತ್ತಾ?"

ಅವಳು ಮಿಷನ್ನಿಗೆ ವೈರು ಸುತ್ತಿ ಎತ್ತಿಕೊಂಡು ದಡದಡ ಇಳಿದಳು.

ಸ್ಟೂಲಿನ ಮೇಲೆ ನಿಂತಿದ್ದ ಎಲೆಕ್ಟ್ರಿಷಿಯನ್ ಅವಳನ್ನು ಕಂಡು ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. "ಅವಸರ ಇರ್ಲಿಲ್ಲಮ್ಮ. ಇನ್ನೊಂದಿಷ್ಟು ದಿನ ಇಟ್ಕೋಬೋದಿತ್ತು."

"ಇಟ್ಕೊಂಡು ಏನ್ಮಾಡ್ಲಿ? ತಲೆಗೆ ತೂತು ಹಾಕ್ಕೊಳ್ಲಾ?"

ಅವರು ಇಳಿದು ಮಿಷನ್ ತೆಗೆದುಕೊಂಡರು. ಕೈಗೆ ಬಂದೊಡನೆ ಅಭ್ಯಾಸಬಲದಿಂದ ತಿರುಗಿಸಿ ನೋಡಿದರು. ಸುಟ್ಟು ಕಪ್ಪಾಗಿದ್ದ ಕೊರೆಯುವ ಬಿಟ್ಟನ್ನು ಉಗುರಿನಿಂದ ಕೆರೆದರು. ಪಕ್ಕದ ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟವರು ಹಾಗೇ ನಿಂತರು.

"ಇದು ಉಲ್ಟಾ ಇದೆಯಲ್ಲಮ್ಮ! ಸ್ಕ್ರೂ ಬಿಚ್ಚೋ ಕಡೆಗೆ." ತಡೆಯಲಾರದೆ ಅವರಿಗೆ ನಗು ಬಂದೇಬಿಟ್ಟಿತು. "ಪಾಪ, ಭಾನುವಾರ ಪೂರ್ತಿ ಹಿಂದಕ್ಕೇ ಕೊರೆದಿದಾರೆ ಮನುಷ್ಯ!"

ಮರುಕ್ಷಣ ನಾಲಿಗೆ ಕಚ್ಚಿಕೊಂಡರು.

ಆ ದಿನ ತಲೆತುಂಬ ಬಿಳಿ ಪುಡಿ ಮೆತ್ತಿಕೊಂಡು, ಮೈಭಾರವನ್ನೆಲ್ಲ ಹಾಕಿ ಗೋಡೆಯನ್ನು ತಳ್ಳುತ್ತ, "ಗೋಡೆ ಗಟ್ಟಿ ಕಣೇ, ಹಳೇ ಕಾಲದ್ದು," ಎನ್ನುತ್ತಿದ್ದ ಅವನು.

"ಇರಿ," ಎಂದಳು ಅವಳು. "ಇನ್ನೊಂದ್ಸಲ ಹೇಳಿ."

"ತಪ್ಪಾಯ್ತಮ್ಮ, ಬಾಯಿ ತಪ್ಪಿ—"

"ಇಲ್ಲ, ಇಲ್ಲ. ಆಗ ಹೇಳಿದ ಹಾಗೇ ಹೇಳಿ. ‘ಮನುಷ್ಯ’ನ್ನ ಬಿಡಬೇಡಿ."

ಅವರ ಕಿವಿಯ ಮೇಲಿದ್ದ ಪೆನ್ಸಿಲನ್ನು ಎಳೆದುಕೊಂಡಳು. ಅವರು ಪಾಠ ಒಪ್ಪಿಸುವವರಂತೆ ಒಂದೊಂದೇ ಪದ ಹೇಳಿದರು. ಅವಳು ಮೇಜಿನ ಮೇಲಿದ್ದ ಖಾಲಿ ಬಲ್ಬಿನ ಡಬ್ಬಿಯ ಮೇಲೆ ಬರೆದುಕೊಂಡಳು. ಕೊನೆಯ ಪದಕ್ಕೆ ಬರುವಾಗ ಅಕ್ಷರಗಳು ಮಸುಕಾದವು.

ಅವರು ಅತ್ತ ನೋಡದೆ, ಸ್ವಿಚ್ಚನ್ನು ಸರಿ ಕಡೆಗೆ ತಳ್ಳಿ, ಪ್ಲಗ್ ಸಿಕ್ಕಿಸಿ ಒಮ್ಮೆ ಒತ್ತಿದರು. ಮಿಷನ್ ತಿರುಗಿತು. ಅದರ ಮೂಗಿನ ತುದಿಯಲ್ಲಿ ಉಳಿದಿದ್ದ ಬಿಳಿ ಪುಡಿ ಅವಳ ಪಾದದ ಮೇಲೆ ಉದುರಿತು. ಅವಳು ಅದನ್ನು ಕೊಡವಲಿಲ್ಲ.