ಸೀಟು ಕೊಟ್ಟವರನ್ನು ಕೇಳಲೇಬೇಕಾದ ಮಾತು

ಮಗಳಿಗೆ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕರೆ ಮನೆಯಲ್ಲಿ ಹಬ್ಬವಾಗಬೇಕು. ಫೆರ್ಮಿನ್ ಮನೆಯಲ್ಲಿ ಜಗಳವಾಯಿತು. ಆ ಭಾನುವಾರ ನಾನೂ ಅಲ್ಲೇ ಇದ್ದೆ. ನನ್ನ ಹೆಸರು ಹೊವಿತಾ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಅವನೂ ನಾನೂ ಒಂದೇ ಸಾಲಿನಲ್ಲಿ ಲೆಟಿಸ್ ಸೊಪ್ಪು ಕೊಯ್ಯುವವರು. ಅವನ ಮಗಳು ಯಾರೆಲಿಗೆ ನಾನು ಜ್ಞಾನಸ್ನಾನದ ತಾಯಿ. ಅದಕ್ಕೇ ಅವನು ನನ್ನನ್ನು ‘ಕೊಮಾದ್ರೆ’, ಅಂದರೆ ಜೊತೆತಾಯಿ, ಅನ್ನುತ್ತಾನೆ, ಬೈದರೂ ಕೇಳಿಸಿಕೊಳ್ಳುತ್ತಾನೆ.

ಯಾರೆಲಿ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಓದಿದ್ದಳು. ಉಳಿದದ್ದನ್ನು ವಿಶ್ವವಿದ್ಯಾಲಯದಲ್ಲಿ ಮುಗಿಸಿದರೆ ಪದವಿ. ಒಂದು ವಿಶ್ವವಿದ್ಯಾಲಯ ಮನೆಗೆ ಹತ್ತಿರ, ಇನ್ನೊಂದು ಐದು ಗಂಟೆಯ ದಾರಿ. ಶುಕ್ರವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು.

“ಇದ್ರಲ್ಲಿ ಯೋಚ್ನೆ ಏನು ಬಂತು? ಹತ್ತಿರದ್ದೇ,” ಎಂದ ಫೆರ್ಮಿನ್. “ಬೆಳಿಗ್ಗೆ ಹೋಗ್ತಾಳೆ, ಸಂಜೆ ಬಂದು ಮನೇಲಿ ಉಣ್ತಾಳೆ. ಕಾಗದ ನೋಡು ಕೊಮಾದ್ರೆ, ಅವಳ ಅರವತ್ತಾರು ಕ್ರೆಡಿಟ್ಟೂ ತಗೊಂಡಿದಾರೆ!”

ನಮ್ಮವರು ಎಡವುವುದು ಇಲ್ಲೇ.

“ತಗೊಂಡು ಎಲ್ಲಿಟ್ರು ಅಂತ ಕೇಳಿದ್ಯಾ?” ಎಂದೆ.

“ಇನ್ನೆಲ್ಲಿಡ್ತಾರೆ, ಗೋಡೌನ್‌ನಲ್ಲಾ?” ಎಂದು ನಕ್ಕ.

“ನಗಬೇಡ. ನಮ್ಮ ಸೊಪ್ಪಿನ ಪೆಟ್ಟಿಗೆನೆಲ್ಲ ಲಾರಿಯವನು ಹತ್ತಿಸ್ಕೋತಾನೆ. ಅಂಗಡಿಯವನು ಅಷ್ಟನ್ನೂ ಇಳಿಸ್ಕೋತಾನಾ?”

“ಎಲ್ಲಿ ಬಂತು! ಬೇಡದ್ದನ್ನ ಪಕ್ಕಕ್ಕಿಡ್ತಾನೆ.”

“ಇದೂ ಹಾಗೇ. ಕೆಲವು ವಿಷಯ ಪದವಿಗೆ ಸೇರತ್ತೆ. ಕೆಲವು ಬರೀ ಲೆಕ್ಕಕ್ಕಿರತ್ತೆ, ಪದವಿಗೆ ಬರಲ್ಲ.”

ಯಾರೆಲಿ ಮೆಲ್ಲಗೆ ಹೇಳಿದಳು, “ಜಾಸ್ತಿ ಕೇಳಿದ್ರೆ ಸೀಟು ವಾಪಸ್ ತಗೊಂಡ್ರೆ?”

“ಅಯ್ಯೋ ಪೆದ್ದೇ! ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ನಾಳೆ ನಡಿ, ನಾನೂ ಬರ್ತೀನಿ,” ಎಂದೆ.

ಸೋಮವಾರ ಅವಳ ಕಾಲೇಜಿನ ಸಲಹಾ ಕಚೇರಿಗೆ ಹೋದೆವು. ಅಲ್ಲಿನ ತ್ರಾನ್ ಮೇಡಂ ಯಾರೆಲಿ ಓದಿದ ಒಂದೊಂದು ವಿಷಯವನ್ನೂ ಬರೆಸಿ, ಯಾವುದು ಪದವಿಗೆ ಸೇರುತ್ತದೆ ಎಂದು ಎರಡೂ ಕಡೆಗೆ ಇಮೇಲ್ ಮಾಡಿಸಿದರು. ಬುಧವಾರ ಉತ್ತರ ಬಂತು. ಹತ್ತಿರದ ಕಡೆ ಏಳು ವಿಷಯ ಪದವಿಗೆ ಸೇರುವುದಿಲ್ಲ, ಇನ್ನೂ ಮೂರು ವರ್ಷ ಓದಬೇಕು. ದೂರದ ಕಡೆ ಒಂದು ಬಿಟ್ಟು ಎಲ್ಲವೂ ಸೇರುತ್ತದೆ, ಎರಡೇ ವರ್ಷ. ಅವಳ ಓದಿಗೆ ಸಿಗುವ ಹಣದ ನೆರವು ಎರಡು ವರ್ಷಕ್ಕೆ ಮಾತ್ರ.

ಅಂದು ಸಂಜೆ ಇದನ್ನೆಲ್ಲ ಕೇಳಿಸಿಕೊಂಡ ಮೇಲೂ ಫೆರ್ಮಿನ್ ಬಗ್ಗಲಿಲ್ಲ. “ಹೆಣ್ಣುಹುಡುಗಿ, ಅಷ್ಟು ದೂರ. ಜ್ವರ ಬಂದ್ರೆ ಯಾರಿದಾರೆ? ಒಂದು ವರ್ಷ ಹೆಚ್ಚು, ಅಷ್ಟೇ ತಾನೇ?”

ನನಗೆ ರೇಗಿತು.

“ಅಷ್ಟೇ ತಾನೇ ಅಂದ್ಯಾ? ನಾನೂ ಹೀಗೇ ವಿಶ್ವವಿದ್ಯಾಲಯಕ್ಕೆ ಹೋದವಳು ಕಣೋ. ನಂದೂ ಎಲ್ಲಾ ಕ್ರೆಡಿಟ್ ತಗೊಂಡ್ರು. ನಾನು ಕೇಳ್ಲಿಲ್ಲ. ಎರಡು ವರ್ಷ ಓದಿದ್ಮೇಲೆ ಇನ್ನೊಂದು ವರ್ಷ ಇದೆ ಅಂದ್ರು. ಅಷ್ಟೊತ್ತಿಗೆ ನೆರವು ನಿಂತಿತ್ತು. ಒಂದು ಸುಗ್ಗಿ ದುಡಿದು ವಾಪಸ್ ಹೋಗೋಣ ಅಂತ ಲೆಟಿಸ್ ಹೊಲಕ್ಕೆ ಬಂದೆ. ಇಪ್ಪತ್ಮೂರು ವರ್ಷ ಆಯ್ತು.”

ಫೆರ್ಮಿನ್ ನನ್ನನ್ನೇ ನೋಡಿದ. “ಇಷ್ಟು ವರ್ಷ ಪಕ್ಕದಲ್ಲೇ ಕೊಯ್ದಿದೀವಿ. ಒಂದು ಮಾತೂ ಹೇಳ್ಲಿಲ್ವಲ್ಲ.”

“ಏನಂತ ಹೇಳ್ಲಿ? ನಾಚಿಕೆ ಆಗ್ತಿತ್ತು.”

ಅವನು ಮಗಳ ಕಡೆ ತಿರುಗಿದ. “ಶುಕ್ರವಾರದವರೆಗೂ ಯಾಕೆ ಕಾಯ್ತೀಯ? ದೂರದ್ದಕ್ಕೇ ಹೂಂ ಅನ್ನು. ಆದ್ರೆ ದಿನಾ ಫೋನ್ ಮಾಡ್ಬೇಕು.”

“ದಿನಾನಾ ಅಪ್ಪ?”

“ದಿನಾ!”

ಅವಳು ಅಲ್ಲೇ ಕೂತು ಒಪ್ಪಿಗೆ ಕಳಿಸಿದಳು.

ಓದುತ್ತಿರುವವರೇ, ದೂರದ್ದೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಿಮಗೆ ಹತ್ತಿರದ್ದೇ ಸರಿಹೋಗಬಹುದು. ಆದರೆ ಹೂಂ ಅನ್ನುವ ಮೊದಲು ಕೇಳಿ: ನಾನು ಓದಿದ್ದರಲ್ಲಿ ಯಾವ ಯಾವ ವಿಷಯ ನನ್ನ ಪದವಿಗೆ ಸೇರುತ್ತದೆ, ಇನ್ನೆಷ್ಟು ವರ್ಷ ಓದಬೇಕು? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೇಳಿದ್ದಕ್ಕೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ. ಕೇಳದಿದ್ದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಬೆಳಿಗ್ಗೆ ಐದೂವರೆಗೆ ಹೊಲದ ಹತ್ತಿರ ಬನ್ನಿ. ನಾನು ಅಲ್ಲೇ ಇರುತ್ತೇನೆ.